ಲೈಸೆನ್ಸ್ ಹೋದ ಮೇಲೆ ಉಳಿಯುವ ದಾರಿ

ಬೆಳಗಿನ ಆರೂವರೆಗೆ ಭಾಲ್ಕಿ ತಾಲೂಕಿನ ಯಾವುದಾದರೂ ಕ್ರಾಸ್‌ನಲ್ಲಿ ಹೋಗಿ ನಿಂತು ನೋಡಿ. ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಮೋಟಾರ್ ಸೈಕಲ್ಲುಗಳು ಒಂದರ ಹಿಂದೊಂದು ಬರುತ್ತವೆ. ಅವುಗಳ ಹಿಂದೆಯೇ ಕಾಲೇಜಿಗೆ ಹೊರಟ ತಂಗಿಯನ್ನು ಕೂರಿಸಿಕೊಂಡ ಅಣ್ಣ, ಗೊಬ್ಬರದ ಚೀಲ ತರಲು ಹೊರಟ ರೈತ, ಬೀದರಿನ ಆಸ್ಪತ್ರೆಗೆ ತಾಯಿಯನ್ನು ಕರೆದೊಯ್ಯುವ ಮಗ. ಬಸ್ಸು ಬರುತ್ತದೆ, ಆದರೆ ಅದರ ಹೊತ್ತಿಗೆ ಎಮ್ಮೆ ಹಾಲು ಕೊಡುವುದಿಲ್ಲ, ಕಾಲೇಜಿನ ಗಂಟೆಯೂ ಹೊಡೆಯುವುದಿಲ್ಲ.

ಔರಾದ್ ಕಡೆಗಂತೂ ಪರಿಸ್ಥಿತಿ ಇನ್ನೂ ಬಿಗಿ. ರಾಜ್ಯದ ನಕ್ಷೆಯಲ್ಲಿ ತುತ್ತತುದಿಗಿರುವ ಈ ತಾಲೂಕು ಕೇಂದ್ರಕ್ಕೆ ರೈಲಿಲ್ಲ. ಬೀದರಿನಿಂದ ಉದಗೀರಿಗೆ ಹೋಗುವ ರೈಲು ಭಾಲ್ಕಿ, ಕಮಲನಗರಗಳನ್ನು ಮುಟ್ಟಿ ಮಹಾರಾಷ್ಟ್ರಕ್ಕೆ ದಾಟುತ್ತದೆ. ಔರಾದಿನವರಿಗೆ ಬೀದರ್ ಎಂದರೆ ಸುಮಾರು 40 ಕಿಲೋಮೀಟರ್ ರಸ್ತೆಯೇ ಗತಿ. ಬಸ್ಸು ತಪ್ಪಿದರೆ ಕ್ರೂಸರ್, ಅದೂ ತಪ್ಪಿದರೆ ಟಂಟಂ, ಅದೂ ಇಲ್ಲವೆಂದರೆ ಮನೆಯ ಗಾಡಿ. ಇಂಥ ಊರುಗಳಲ್ಲಿ ಕಿಸೆಯೊಳಗಿನ ಡ್ರೈವಿಂಗ್ ಲೈಸೆನ್ಸ್ ಎಂಬ ಸಣ್ಣ ಕಾರ್ಡು ಇಡೀ ಮನೆಯ ಸಂಸಾರವನ್ನು ಹೊತ್ತಿರುತ್ತದೆ. ಅದು ಒಂದು ದಿನ ಕೈಬಿಟ್ಟು ಹೋದರೆ?

ಒಂದು ಮನೆಯ ಲೆಕ್ಕ

ಇಂಥದೊಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಇದು ಯಾರದೋ ಒಬ್ಬರ ಮನೆಯ ಕಥೆಯಲ್ಲ, ಕಾನೂನು ತಿಳಿಯಲು ಮಾಡಿಕೊಂಡ ಉದಾಹರಣೆ ಅಷ್ಟೇ. ಭಾಲ್ಕಿಯಿಂದ ಹದಿನೈದು ಕಿಲೋಮೀಟರ್ ದೂರದ ಹಳ್ಳಿ. ತಂದೆಗೆ ಮೊಣಕಾಲು ನೋವು, ಗಾಡಿ ಹೊಡೆಯಲಾರರು. ಮಗ ಪದವಿಯ ಕೊನೆಯ ವರ್ಷದಲ್ಲಿದ್ದಾನೆ. ಬೆಳಿಗ್ಗೆ ಹಾಲು ಹಾಕಿ, ಪಿಯುಸಿ ಓದುವ ತಂಗಿಯನ್ನು ಕಾಲೇಜಿಗೆ ಬಿಟ್ಟು, ತಾನೂ ತರಗತಿಗೆ ಹೋಗುತ್ತಾನೆ. ಗೆಳೆಯನ ಮದುವೆಯ ರಾತ್ರಿ ಒಂದು ತಪ್ಪು ಮಾಡುತ್ತಾನೆ: ಕುಡಿದು ಗಾಡಿ ಹತ್ತುತ್ತಾನೆ. ಪೊಲೀಸರು ತಡೆದು ಉಸಿರಿನ ಪರೀಕ್ಷೆ ಮಾಡುತ್ತಾರೆ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರದ ಮಿತಿ ಮೀರಿದೆ ಎಂದು ಯಂತ್ರ ತೋರಿಸುತ್ತದೆ. ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ.

'ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸಿಬಿಡು' ಎಂದು ಊರಿನ ಹಿರಿಯರು ಬುದ್ಧಿ ಹೇಳುತ್ತಾರೆ. ಹುಡುಗ ಹಾಗೆಯೇ ಮಾಡುತ್ತಾನೆ. ದಂಡದ ರಸೀದಿ ಕಿಸೆಗಿಟ್ಟುಕೊಂಡು ಹೊರಗೆ ಬಂದ ಮೇಲೆ ಗೊತ್ತಾಗುತ್ತದೆ: ಆದೇಶದಲ್ಲಿ ಇನ್ನೂ ಒಂದು ಸಾಲು ಇದೆ. ಒಂದು ವರ್ಷದ ಅವಧಿಗೆ ಆತ ಚಾಲನಾ ಪರವಾನಗಿ ಹೊಂದಲು ಅನರ್ಹ.

ಮರುದಿನ ಬೆಳಿಗ್ಗೆ ಹಾಲಿನ ಕ್ಯಾನು ಯಾರು ಒಯ್ಯಬೇಕು? ತಂಗಿಯ ಕಾಲೇಜು? ತಂದೆ ಪರಿಚಯದ ವಕೀಲರ ಬಳಿಗೆ ಹೋಗಿ ಕೈಮುಗಿದು ಕೇಳುವ ಮಾತು ಹೀಗಿರುತ್ತದೆ: 'ಸಾಹೇಬ್ರ, ನಮ್ ಹುಡುಗ ತಪ್ಪು ಮಾಡ್ಯಾನ, ಖರೆ. ದಂಡಾನೂ ಕಟ್ಟೀವಿ. ಬರೇ ಮುಂಜಾನಿ ಹೊತ್ತಿಗಿ, ಊರಿಂದ ಭಾಲ್ಕಿ ತನಕ ಅಷ್ಟೇ ಗಾಡಿ ಹೊಡಿಲಾಕ ಒಂದು ಪರವಾನಗಿ ಕೊಡಸ್ರಿ.'

ಈ ಮಾತು ಬಹಳ ನ್ಯಾಯದ್ದು ಎನಿಸುತ್ತದೆ. ಅಂಥ ಪರವಾನಗಿ ಇದೆಯೇ ಎಂಬುದೇ ಪ್ರಶ್ನೆ.

ಹೊರದೇಶಗಳ ಸೀಮಿತ ಪರವಾನಗಿ

ಕೆಲವು ದೇಶಗಳಲ್ಲಿ ಇದೆ. ನ್ಯೂಜಿಲೆಂಡಿನಲ್ಲಿ ಅನರ್ಹಗೊಂಡ ಚಾಲಕನು ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿ 'ಸೀಮಿತ ಪರವಾನಗಿ' ಕೇಳಬಹುದು. ತನಗೆ ವಿಪರೀತ ಕಷ್ಟವಾಗುತ್ತಿದೆ ಅಥವಾ ತನ್ನನ್ನು ನಂಬಿದವರಿಗೆ ಅನುಚಿತ ಕಷ್ಟವಾಗುತ್ತಿದೆ ಎಂದು ಆತ ಪ್ರಮಾಣ ಮಾಡಿ ತೋರಿಸಬೇಕು. ನ್ಯಾಯಾಲಯ ಒಪ್ಪಿದರೆ ಯಾವ ವಾಹನ, ಯಾವ ಹೊತ್ತು, ಯಾವ ಕೆಲಸ, ಯಾವ ದಾರಿ ಎಂದು ಬರೆದೇ ಕೊಡುತ್ತದೆ. ಆಸ್ಟ್ರೇಲಿಯಾದ ಪಶ್ಚಿಮ ರಾಜ್ಯದಲ್ಲಿ ಇದಕ್ಕೆ 'ಅಸಾಧಾರಣ ಪರವಾನಗಿ' ಎಂದು ಹೆಸರು. ಕ್ವೀನ್ಸ್‌ಲ್ಯಾಂಡಿನಲ್ಲಿ 'ಕೆಲಸದ ಪರವಾನಗಿ'. ಅಮೆರಿಕದ ಅನೇಕ ರಾಜ್ಯಗಳಲ್ಲಿ ಕಷ್ಟದ ಕಾರಣಕ್ಕೆ ಕೊಡುವ ಪರವಾನಗಿ ಇದೆ. ಕುಡಿದು ಸಿಕ್ಕಿಬಿದ್ದವರ ಕಾರಿಗೆ ಒಂದು ಉಸಿರು ಯಂತ್ರ ಜೋಡಿಸುವ ಪದ್ಧತಿಯೂ ಅಲ್ಲಿದೆ. ಚಾಲಕ ಊದಿ, ಮದ್ಯದ ಅಂಶ ಇಲ್ಲವೆಂದು ಯಂತ್ರಕ್ಕೆ ಮನವರಿಕೆಯಾದರೆ ಮಾತ್ರ ಎಂಜಿನ್ ಚಾಲೂ ಆಗುತ್ತದೆ.

ಇಂಗ್ಲೆಂಡಿನ ರೀತಿ ಬೇರೆ. ಅಲ್ಲಿ ಅನರ್ಹತೆಯ ಮಧ್ಯೆ ಅರೆ ಪರವಾನಗಿ ಕೊಡುವುದಿಲ್ಲ. ಆದರೆ ಅನರ್ಹತೆ ಎರಡು ವರ್ಷಕ್ಕಿಂತ ಹೆಚ್ಚಿನದಾಗಿದ್ದರೆ, ಎರಡು ವರ್ಷ ಕಳೆದ ಮೇಲೆ ಅದನ್ನು ತೆಗೆದುಹಾಕಿ ಎಂದು ನ್ಯಾಯಾಲಯಕ್ಕೆ ಕೇಳಿಕೊಳ್ಳಬಹುದು. ಶಿಕ್ಷೆ ಇನ್ನೂ ದೀರ್ಘವಾಗಿದ್ದರೆ ಕಾಯುವ ಅವಧಿಯೂ ಹೆಚ್ಚುತ್ತದೆ.

ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. 1914 ಮತ್ತು 1939ರ ಹಳೆಯ ಕಾಯ್ದೆಗಳ ಮೊಮ್ಮಗ ಇದು. ಇದರಲ್ಲಿ 'ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ' ಎಂಬಂಥ ಪರವಾನಗಿಯ ಮಾತೇ ಇಲ್ಲ. ಹಾಗೆಂದು ದಾರಿ ಪೂರ್ತಿ ಮುಚ್ಚಿಲ್ಲ. ಕಾಯ್ದೆಯ 20 ಮತ್ತು 23ನೆಯ ಕಲಂಗಳಲ್ಲಿ ಎರಡು ಕಿಟಕಿಗಳಿವೆ. ಬಹಳ ಜನಕ್ಕೆ ಗೊತ್ತಿಲ್ಲದ ಕಿಟಕಿಗಳು ಇವು.

ಲೈಸೆನ್ಸ್ ಹೋಗುವ ಎರಡು ಬಾಗಿಲು

ಕಿಟಕಿ ಹುಡುಕುವ ಮುಂಚೆ ಲೈಸೆನ್ಸ್ ಯಾವ ಬಾಗಿಲಿನಿಂದ ಹೋಯಿತು ಎಂದು ತಿಳಿಯಬೇಕು. ಬಾಗಿಲು ಎರಡು. ಒಂದು ಸಾರಿಗೆ ಕಚೇರಿ, ಇನ್ನೊಂದು ನ್ಯಾಯಾಲಯ.

ಸಾರಿಗೆ ಕಚೇರಿಯ ಅಧಿಕಾರ 19ನೆಯ ಕಲಮಿನಲ್ಲಿದೆ. ಕುಡಿತದ ಚಟ, ಮಾದಕ ವಸ್ತುವಿನ ಚಟ, ವಾಹನ ಬಳಸಿ ಗಂಭೀರ ಅಪರಾಧ, ಸುಳ್ಳು ಹೇಳಿ ಲೈಸೆನ್ಸ್ ಪಡೆದದ್ದು, ಜನರಿಗೆ ಅಪಾಯವಾಗುವಂಥ ಚಾಲನೆ ಇವೆಲ್ಲ ಅದಕ್ಕೆ ಕಾರಣ. ವಾಹನ ನಡೆಸುತ್ತ ಮೊಬೈಲ್ ಬಳಸುವುದು, ಸರಕಿನ ಗಾಡಿಯಲ್ಲಿ ಜನರನ್ನು ತುಂಬುವುದು ಕೂಡ ಈ ಪಟ್ಟಿಗೆ ಸೇರುತ್ತವೆ. ಕಬ್ಬಿನ ಹಂಗಾಮಿನಲ್ಲಿ, ಮದುವೆಯ ದಿನಗಳಲ್ಲಿ ಟೆಂಪೋದ ಹಿಂದೆ ಕಿಕ್ಕಿರಿದು ನಿಂತ ಜನರನ್ನು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ಎಲ್ಲ ರಾಜ್ಯಗಳಿಗೂ ಬರೆದು, ಅತಿವೇಗ, ಕೆಂಪು ದೀಪ ದಾಟುವುದು, ಮೊಬೈಲ್ ಬಳಕೆ, ಕುಡಿದು ಚಾಲನೆ, ಅತಿಭಾರ, ಸರಕಿನ ಗಾಡಿಯಲ್ಲಿ ಜನ ಸಾಗಣೆ ಇವಕ್ಕೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿ ಎಂದು ಸೂಚಿಸಿತು.

2019ರ ತಿದ್ದುಪಡಿ ಕಾಯ್ದೆ ಇದನ್ನು ಇನ್ನಷ್ಟು ಬಿಗಿ ಮಾಡಿತು. ಹೆಲ್ಮೆಟ್ ಇಲ್ಲದೆ ದ್ವಿಚಕ್ರ ವಾಹನ ಓಡಿಸಿದರೆ, ಒಂದು ಗಾಡಿಯ ಮೇಲೆ ಮೂವರು ಕುಳಿತರೆ ದಂಡದ ಜತೆಗೆ ಮೂರು ತಿಂಗಳ ಅನರ್ಹತೆ ಎಂದು ಕಾಯ್ದೆ ಹೇಳುತ್ತದೆ. ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ಸಾರಿಗೆ ಕಚೇರಿಗೆ ಕಳಿಸಬಹುದು. ಆಗ ಕೊಡುವ ಸ್ವೀಕೃತಿ ಚೀಟಿ ಹಿಡಿದು ಗಾಡಿ ಓಡಿಸುವಂತಿಲ್ಲ. ಮೊದಲ ತಪ್ಪಿಗೆ ಮೂರು ತಿಂಗಳು, ಎರಡನೆಯ ತಪ್ಪಿಗೆ ಲೈಸೆನ್ಸೇ ರದ್ದು. ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಹಲವು ದಂಡಗಳ ಮೊತ್ತ ಇಳಿಸಿತು, ಹೆಲ್ಮೆಟ್ಟಿನ ದಂಡ ಸಾವಿರದಿಂದ 500 ರೂಪಾಯಿಗೆ ಬಂತು. ಆದರೆ ಇಳಿದದ್ದು ಹಣದ ಲೆಕ್ಕ ಮಾತ್ರ. ಅನರ್ಹತೆಯ ಮಾತು ಕಾಯ್ದೆಯಲ್ಲಿ ಹಾಗೆಯೇ ಇದೆ. ಹೆಚ್ಚಿನ ಪ್ರಕರಣಗಳು ದಂಡದಲ್ಲೇ ಮುಗಿಯುತ್ತವೆ ಎಂಬ ಧೈರ್ಯದ ಮೇಲೆ ಕಾಲೇಜು ಹುಡುಗರು ಮೂವರು ಮೂವರಾಗಿ ಹೊರಡುವುದು ನಡೆದೇ ಇದೆ. ಮುಂಡಾಸು ಧರಿಸಿದ ಸಿಖ್ಖರಿಗೆ ಮಾತ್ರ ಹೆಲ್ಮೆಟ್ಟಿನ ವಿನಾಯಿತಿ ಉಂಟು ಎಂಬುದು ನಾನಕ್ ಝೀರಾ ಇರುವ ಬೀದರಿನವರಿಗೆ ತಿಳಿದದ್ದೇ.

ನ್ಯಾಯಾಲಯದ ಅಧಿಕಾರ 20ನೆಯ ಕಲಮಿನಲ್ಲಿದೆ. ಅಪರಾಧ ಸಾಬೀತಾದಾಗ ಶಿಕ್ಷೆಯ ಜತೆಗೆ ಅನರ್ಹತೆಯನ್ನೂ ವಿಧಿಸಬಹುದು. ಕುಡಿದು ಓಡಿಸಿದ ಪ್ರಕರಣದಲ್ಲಿ ಇದು ನ್ಯಾಯಾಧೀಶರ ಇಷ್ಟಕ್ಕೆ ಬಿಟ್ಟದ್ದಲ್ಲ, ಕನಿಷ್ಠ ಆರು ತಿಂಗಳು ಕಡ್ಡಾಯ. ಮೊದಲ ಸಲಕ್ಕೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಬೇರೆ. ಅಪಾಯಕಾರಿ ಚಾಲನೆಗೆ ಎರಡನೆಯ ಸಲ ಶಿಕ್ಷೆಯಾದರೆ ಐದು ವರ್ಷದವರೆಗೂ ಅನರ್ಹತೆ ಬರಬಹುದು.

ಆದ್ದರಿಂದಲೇ 'ತಪ್ಪೊಪ್ಪಿಕೊಂಡು ದಂಡ ಕಟ್ಟಿಬಿಡು' ಎಂಬ ಹಿರಿಯರ ಬುದ್ಧಿಮಾತನ್ನು ಕೇಳುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದರಿಂದ ಲೈಸೆನ್ಸಿಗೆ ಏನಾಗುತ್ತದೆ? ದಂಡದ ಮೊತ್ತವನ್ನು ಎಲ್ಲರೂ ಕೇಳುತ್ತಾರೆ, ಈ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಮೊದಲ ಕಿಟಕಿ: ಯಾವ ವಾಹನಕ್ಕೆ ಅನರ್ಹತೆ?

20ನೆಯ ಕಲಮಿನಲ್ಲಿ ಒಂದು ಸಣ್ಣ ಮಾತಿದೆ. ನ್ಯಾಯಾಲಯವು 'ಎಲ್ಲ ವರ್ಗದ ವಾಹನಗಳಿಗೆ' ಅಥವಾ 'ಯಾವುದಾದರೂ ನಿರ್ದಿಷ್ಟ ವರ್ಗದ ವಾಹನಕ್ಕೆ' ಅನರ್ಹತೆ ವಿಧಿಸಬಹುದು. ನಮ್ಮಲ್ಲಿ ಲೈಸೆನ್ಸ್ ಕೊಡುವುದೇ ವರ್ಗದ ಲೆಕ್ಕದಲ್ಲಿ: ಗೇರ್ ಇಲ್ಲದ ಮೋಟಾರ್ ಸೈಕಲ್, ಗೇರ್ ಇರುವ ಮೋಟಾರ್ ಸೈಕಲ್, ಲಘು ಮೋಟಾರು ವಾಹನ, ಸಾರಿಗೆ ವಾಹನ ಹೀಗೆ. ಟ್ರ್ಯಾಕ್ಟರ್ ಕೂಡ ತೂಕದ ಲೆಕ್ಕದಲ್ಲಿ ಲಘು ಮೋಟಾರು ವಾಹನವೇ.

ಇದರ ಅರ್ಥ ಸರಳ. ಮೋಟಾರ್ ಸೈಕಲ್ ಓಡಿಸುವಾಗ ತಪ್ಪು ಮಾಡಿದ ರೈತನ ಮಗನೊಬ್ಬ ಶಿಕ್ಷೆಯ ಮಾತು ಬಂದಾಗಲೇ, ಅನರ್ಹತೆಯನ್ನು ಆ ವರ್ಗಕ್ಕೆ ಸೀಮಿತಗೊಳಿಸಿ, ಹೊಲದ ಕೆಲಸಕ್ಕೆ ಬೇಕಾದ ಟ್ರ್ಯಾಕ್ಟರ್ ಬಿಟ್ಟುಕೊಡಿ ಎಂದು ವಕೀಲರ ಮೂಲಕ ವಿನಂತಿಸಿಕೊಳ್ಳಬಹುದು. ಒಪ್ಪುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಕುಡಿತದ ಪ್ರಕರಣದಲ್ಲಿ ಈ ವಿನಂತಿಗೆ ಬೆಲೆ ಕಡಿಮೆ, ಏಕೆಂದರೆ ಕುಡಿದವನು ಟ್ರ್ಯಾಕ್ಟರ್ ಮೇಲೂ ಕುಡಿದವನೇ. ಬೇರೆ ಪ್ರಕರಣಗಳಲ್ಲಿ ತೂಕ ಇರುತ್ತದೆ. ಆದರೆ ಕೇಳದೆ ಇದ್ದರೆ ಆದೇಶದಲ್ಲಿ 'ಎಲ್ಲ ವರ್ಗ' ಎಂದೇ ಬರೆದುಬರುವ ಸಂಭವ ಹೆಚ್ಚು.

ಎರಡನೆಯ ಕಿಟಕಿ: ಆರು ತಿಂಗಳ ನಂತರದ ಅರ್ಜಿ

ಇದು 23ನೆಯ ಕಲಮಿನ ಮೂರನೆಯ ಉಪಕಲಂ. ಅನರ್ಹತೆಯ ಆದೇಶವಾಗಿ ಆರು ತಿಂಗಳು ಕಳೆದ ಮೇಲೆ, ಆ ಆದೇಶ ಕೊಟ್ಟ ನ್ಯಾಯಾಲಯಕ್ಕೋ ಅಧಿಕಾರಿಗೋ 'ಅನರ್ಹತೆಯನ್ನು ತೆಗೆದುಹಾಕಿ' ಎಂದು ಅರ್ಜಿ ಕೊಡಬಹುದು. ಎಲ್ಲ ಸಂದರ್ಭಗಳನ್ನೂ ಗಮನಿಸಿ ಅವರು ಆದೇಶವನ್ನು ರದ್ದು ಮಾಡಬಹುದು ಅಥವಾ ಬದಲಿಸಬಹುದು. ಅರ್ಜಿ ತಿರಸ್ಕೃತವಾದರೆ ಮತ್ತೆ ಮೂರು ತಿಂಗಳು ಕಳೆಯುವವರೆಗೆ ಎರಡನೆಯ ಅರ್ಜಿ ಹಾಕುವಂತಿಲ್ಲ.

'ಬದಲಿಸಬಹುದು' ಎಂಬ ಪದವನ್ನು ಗಮನಿಸಿ. ನ್ಯೂಜಿಲೆಂಡಿನ ಸೀಮಿತ ಪರವಾನಗಿಗೆ ನಮ್ಮಲ್ಲಿ ಅತಿ ಸಮೀಪದ್ದು ಇದೇ. ಅವಧಿಯನ್ನು ಕಡಿಮೆ ಮಾಡಿ, ಅಥವಾ ಇಂಥ ವರ್ಗದ ವಾಹನಕ್ಕೆ ಅನರ್ಹತೆ ಸಡಿಲಿಸಿ ಎಂದು ಕೇಳಲು ಇಲ್ಲಿ ಜಾಗ ಉಂಟು. ಹೊತ್ತು, ದಾರಿ ಗೊತ್ತು ಮಾಡಿ ಕೊಡುವ ಪರವಾನಗಿಯ ಮಾತು ಮಾತ್ರ ಕಾಯ್ದೆಯಲ್ಲಿಲ್ಲ.

ನಮ್ಮ ಉದಾಹರಣೆಯ ಹುಡುಗನಿಗೆ ಜನವರಿ 10ರಂದು ಒಂದು ವರ್ಷದ ಅನರ್ಹತೆ ಆಗಿದ್ದರೆ, ಜುಲೈ 10 ಕಳೆದ ಮೇಲೆ ಆತ ಅದೇ ನ್ಯಾಯಾಲಯದ ಬಾಗಿಲು ತಟ್ಟಬಹುದು. ಆದರೆ ಅನರ್ಹತೆ ಆರು ತಿಂಗಳದ್ದೇ ಆಗಿದ್ದರೆ ಈ ಕಿಟಕಿಯಿಂದ ಪ್ರಯೋಜನವಿಲ್ಲ, ಅವಧಿಯೇ ಮುಗಿದಿರುತ್ತದೆ. ಹೆಲ್ಮೆಟ್ ಅಥವಾ ಮೂವರ ಸವಾರಿಗೆ ಸಾರಿಗೆ ಕಚೇರಿ ಹಾಕಿದ ಮೂರು ತಿಂಗಳಿಗೂ ಇದೇ ಮಾತು.

ಅಂಥ ಸಣ್ಣ ಅವಧಿಯ ಆದೇಶಕ್ಕೆ ದಾರಿ ಎರಡು. ಮೊದಲನೆಯದು ವಿಚಾರಣೆ. ಚಾಲಕನ ಮಾತು ಕೇಳದೆ ಸಾರಿಗೆ ಕಚೇರಿ ಅನರ್ಹತೆ ವಿಧಿಸುವಂತಿಲ್ಲ, ಕಾರಣವನ್ನು ಬರೆದೇ ಹೇಳಬೇಕು. ಮನೆಯ ಪರಿಸ್ಥಿತಿ, ಹಿಂದೆ ತಪ್ಪು ಮಾಡದಿರುವುದು, ಸಾಕ್ಷಿ ಇದ್ದರೆ ಸಾಕ್ಷಿ ಎಲ್ಲವನ್ನೂ ಆಗಲೇ ಹೇಳಿಕೊಳ್ಳಬೇಕು. ಎರಡನೆಯದು ಮೇಲ್ಮನವಿ. ಆದೇಶ ಕೈಸೇರಿದ 30 ದಿನದೊಳಗೆ ಹಾಕಬೇಕು. ಹಳ್ಳಿಯವರು ಎಡವುವುದು ಇಲ್ಲಿಯೇ. ನೋಟಿಸು ಲೈಸೆನ್ಸಿನ ಮೇಲಿರುವ ವಿಳಾಸಕ್ಕೆ ಹೋಗುತ್ತದೆ. ಹುಡುಗ ಓದಲಿಕ್ಕೆ ಬೀದರಿನಲ್ಲೋ ಕಲಬುರಗಿಯಲ್ಲೋ ರೂಮು ಮಾಡಿಕೊಂಡಿರುತ್ತಾನೆ. ಮನೆಯಲ್ಲಿ ಅಜ್ಜಿ ಆ ಲಕೋಟೆಯನ್ನು ಗೋಡೆಯ ಗೂಡಿನಲ್ಲಿ ಜೋಪಾನವಾಗಿ ಇಟ್ಟಿರುತ್ತಾಳೆ. ಅದನ್ನು ತೆರೆಯುವ ಹೊತ್ತಿಗೆ ದಿನ ಮುಗಿದಿರುತ್ತದೆ.

ಮೇಲ್ಮನವಿ ಹಾಕಿದ ಮಾತ್ರಕ್ಕೆ ಗಾಡಿ ಓಡಿಸಬಹುದು ಎಂದು ತಿಳಿಯಬೇಡಿ. ಮೇಲಿನವರು ತಡೆಯಾಜ್ಞೆ ಕೊಡುವವರೆಗೆ ಅನರ್ಹತೆ ಜಾರಿಯಲ್ಲೇ ಇರುತ್ತದೆ.

ಅರ್ಜಿಯಲ್ಲಿ ಏನಿರಬೇಕು?

23ನೆಯ ಕಲಂ ಯಾವ ಛಾಪಾ ನಮೂನೆಯನ್ನೂ ಹೇಳುವುದಿಲ್ಲ. ಅರ್ಜಿ ಹೋಗಬೇಕಾದ್ದು ಆದೇಶ ಕೊಟ್ಟವರಿಗೇ. ಆದೇಶ ಭಾಲ್ಕಿ ಅಥವಾ ಔರಾದಿನ ನ್ಯಾಯಾಲಯದ್ದಾದರೆ ಅಲ್ಲಿಗೆ, ಸಾರಿಗೆ ಕಚೇರಿಯದಾದರೆ ಆ ಕಚೇರಿಗೆ. ಬೀದರ್ ಕಚೇರಿಯ ಗುರುತು ಕೆಎ-38, ಭಾಲ್ಕಿಯದು ಕೆಎ-39. ಆದೇಶದ ಪ್ರತಿಯ ಮೇಲೆ ಯಾರ ಸಹಿ, ಮೊಹರು ಇದೆ ಎಂದು ನೋಡಿದರೆ ಗೊಂದಲ ಇರುವುದಿಲ್ಲ.

ಅರ್ಜಿಯ ಜತೆ ಇರಬೇಕಾದ್ದು: ಆದೇಶದ ದೃಢೀಕೃತ ಪ್ರತಿ, ಲೈಸೆನ್ಸ್ ಒಪ್ಪಿಸಿದ ಸ್ವೀಕೃತಿ, ದಂಡ ಕಟ್ಟಿದ ರಸೀದಿ. ನಂತರ ಕಷ್ಟದ ದಾಖಲೆ. ಇಲ್ಲಿಯೇ ಅರ್ಜಿಗಳು ಸೊರಗುವುದು. 'ಬಹಳ ತೊಂದರೆಯಾಗಿದೆ' ಎಂದು ಬರೆದರೆ ಸಾಲದು, ಯಾರಿಗೆ ಏನು ತೊಂದರೆ ಎಂದು ಹೇಳಬೇಕು. ತಂದೆಯ ವೈದ್ಯಕೀಯ ಚೀಟಿಗಳು, ಹಾಲಿನ ಸಂಘದ ಪಾಸ್‌ಬುಕ್, ತಂಗಿಯ ಕಾಲೇಜಿನ ವೇಳಾಪಟ್ಟಿ, ಊರಿಗೆ ಬರುವ ಬಸ್ಸಿನ ಸಮಯ, ಮನೆಯಲ್ಲಿ ಲೈಸೆನ್ಸ್ ಇರುವ ಬೇರೆಯವರಿಲ್ಲ ಎಂಬ ಹೇಳಿಕೆ. ಇವು ಹತ್ತು ಪುಟದ ಗೋಳಿಗಿಂತ ಹೆಚ್ಚು ಮಾತಾಡುತ್ತವೆ.

ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಒಂದಿದೆ. ಕಳೆದ ಆರು ತಿಂಗಳು ಅರ್ಜಿದಾರ ಹೇಗಿದ್ದ? ಈ ಅವಧಿಯಲ್ಲಿ ಒಂದೇ ಒಂದು ಸಲ ಕದ್ದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದರೂ ಅರ್ಜಿ ಉಳಿಯುವುದು ಕಷ್ಟ. ಕುಡಿತ ಬಿಟ್ಟಿದ್ದರೆ, ಚಿಕಿತ್ಸೆ ಪಡೆದಿದ್ದರೆ ಅದರ ಕಾಗದ ಜೋಡಿಸಬೇಕು. 'ಎಲ್ಲ ಸಂದರ್ಭಗಳನ್ನೂ ಗಮನಿಸಿ' ಎಂದು ಕಾಯ್ದೆ ಹೇಳುವಾಗ ಆ ಸಂದರ್ಭಗಳಲ್ಲಿ ರಸ್ತೆಯ ಮೇಲಿನ ಉಳಿದವರ ಜೀವವೂ ಸೇರಿದೆ.

ವಕೀಲರ ಶುಲ್ಕ ಕೊಡಲಾಗದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ನೆರವಿದೆ. ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು ಹಾಗೂ ನಿಗದಿತ ಆದಾಯದ ಮಿತಿಯೊಳಗಿನವರು ಉಚಿತವಾಗಿ ವಕೀಲರನ್ನು ಪಡೆಯಬಹುದು. ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲೂಕಿನಲ್ಲಿ ತಾಲೂಕು ಸಮಿತಿ ಈ ಕೆಲಸ ಮಾಡುತ್ತವೆ. ದೂರವಾಣಿ 15100ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ. ಕಚೇರಿಯ ಹೊರಗೆ ಮರದ ಕೆಳಗೆ ನಿಂತು 'ಎಲ್ಲಾ ಮಾಡಿಸಿ ಕೊಡ್ತೀನ್ರಿ' ಎನ್ನುವವರ ಕೈಗೆ ಹಣ ಕೊಡುವ ಮುಂಚೆ ಈ ನಂಬರು ನೆನಪಿರಲಿ.

ಅಡ್ಡದಾರಿಗಳ ಬೆಲೆ

ಗಡಿ ಜಿಲ್ಲೆಯಲ್ಲಿ ಸಲಹೆಗಾರರಿಗೆ ಬರವಿಲ್ಲ. 'ಉದಗೀರಿಗೆ ಹೋಗಿ ಹೊಸದು ಮಾಡಿಸು', 'ಜಹೀರಾಬಾದಿನಲ್ಲಿ ನನ್ನ ಭಾವ ಇದ್ದಾನೆ' ಎನ್ನುವವರು ಸಿಗುತ್ತಾರೆ. ಭಾರತದಲ್ಲಿ ಒಬ್ಬರಿಗೆ ಒಂದೇ ಲೈಸೆನ್ಸ್. ಒಂದು ಕಡೆಯ ಅನರ್ಹತೆ ಗಡಿ ದಾಟಿದ ಕೂಡಲೇ ಅಳಿಯುವುದಿಲ್ಲ. ರಾಜ್ಯ ರಾಜ್ಯಗಳ ದಾಖಲೆಗಳು ಈಗ ಗಣಕದಲ್ಲಿ ಸೇರಿಕೊಂಡಿವೆ. ಅನರ್ಹನಾದವನು ವಾಹನ ಓಡಿಸಿದರೆ ಅಥವಾ ಹೊಸ ಲೈಸೆನ್ಸಿಗೆ ಅರ್ಜಿ ಹಾಕಿದರೆ ಮೂರು ತಿಂಗಳವರೆಗಿನ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಹಾಗೆ ಪಡೆದ ಲೈಸೆನ್ಸಿಗೆ ಬೆಲೆಯೂ ಇಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ಅನರ್ಹತೆಯ ಅವಧಿಯಲ್ಲಿ ಓಡಿಸಿ ಅಪಘಾತವಾದರೆ, ಹೊಣೆ ತಪ್ಪಿಸಿಕೊಳ್ಳಲು ವಿಮಾ ಕಂಪನಿಗೆ ಕಾಯ್ದೆಯೇ ಅವಕಾಶ ಕೊಟ್ಟಿದೆ. ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಕೊಟ್ಟ ತೀರ್ಪಿನ ದಾರಿಯಲ್ಲಿ, ಗಾಯಗೊಂಡವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟರೂ ನಂತರ ಅದನ್ನು ವಾಹನದ ಮಾಲೀಕನಿಂದ ವಸೂಲು ಮಾಡಬಹುದು. ಎರಡು ಎಕರೆ ತೊಗರಿ ಹೊಲ ಇರುವ ಮನೆಗೆ ಈ ವಸೂಲಿಯ ಅರ್ಥ ಹೊಲದ ಪತ್ರವೇ.

ಹಾಗಾದರೆ ಆ ಕಾಲ ಕಳೆಯುವುದು ಹೇಗೆ? ಕಾನೂನಿನೊಳಗೇ ಕೆಲವು ದಾರಿಗಳಿವೆ. ಲೈಸೆನ್ಸ್ ಬೇಕಾಗುವುದು ಸಾರ್ವಜನಿಕ ಸ್ಥಳದಲ್ಲಿ. ಸ್ವಂತ ಹೊಲದ ಬದುವಿನೊಳಗೆ ಟ್ರ್ಯಾಕ್ಟರ್ ಹೊಡೆಯಲು ಅಡ್ಡಿಯಿಲ್ಲ, ರಸ್ತೆ ಮುಟ್ಟುವಂತಿಲ್ಲ. ಬ್ಯಾಟರಿಯ ಸ್ಕೂಟರ್‌ಗಳಲ್ಲಿ 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ವೇಗ ಮೀರದ ಸಣ್ಣ ಗಾಡಿಗಳನ್ನು ನಿಯಮಗಳು ಮೋಟಾರು ವಾಹನ ಎಂದೇ ಎಣಿಸುವುದಿಲ್ಲ. ಅವುಗಳಿಗೆ ಲೈಸೆನ್ಸ್ ಬೇಡ. ಕೊಳ್ಳುವಾಗ ಅದರ ಕಾಗದದಲ್ಲಿ ಈ ಎರಡೂ ಅಂಕಿಗಳನ್ನು ನೋಡಿಕೊಳ್ಳಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಂಗಿಗೆ ಬಸ್ಸು ಉಚಿತ, ಹುಡುಗನಿಗೆ ವಿದ್ಯಾರ್ಥಿ ಪಾಸು ಇದೆ. ತಾಯಿಗೋ ತಂಗಿಗೋ ಹದಿನೆಂಟು ತುಂಬಿದ್ದರೆ ಅವರೇ ಕಲಿತು ಲೈಸೆನ್ಸ್ ಪಡೆಯಬಹುದು. ಮನೆಯಲ್ಲಿ ಒಬ್ಬನೇ ಗಾಡಿ ಹೊಡೆಯುವವನು ಎಂಬ ಕಟ್ಟು ಹಾಗಾದರೂ ಸಡಿಲಾಗುತ್ತದೆ.

ಅವಧಿ ಮುಗಿದ ಮೇಲೆ

ಅನರ್ಹತೆ ಮುಗಿದ ದಿನವೇ ಲೈಸೆನ್ಸ್ ಮನೆಗೆ ಬರುತ್ತದೆ ಎಂದು ಕಾಯುತ್ತ ಕೂರಬೇಡಿ. ಸಾರಿಗೆ ಕಚೇರಿ ಹಾಕಿದ ಅನರ್ಹತೆಯಾದರೆ ಚಾಲಕನು ಪುನರ್ ತರಬೇತಿ ಮುಗಿಸಿದ ಮೇಲೆಯೇ ಲೈಸೆನ್ಸ್ ಮರಳಿಸಬೇಕು ಎಂದು 2019ರ ತಿದ್ದುಪಡಿ ಹೇಳುತ್ತದೆ. ಸಾವು ಅಥವಾ ತೀವ್ರ ಗಾಯಕ್ಕೆ ಕಾರಣವಾದ ಅಪಾಯಕಾರಿ ಚಾಲನೆಗೆ ನ್ಯಾಯಾಲಯ ಲೈಸೆನ್ಸ್ ಅಮಾನತು ಮಾಡಿದ್ದರೆ, ಹೊಸದಾಗಿ ಚಾಲನಾ ಪರೀಕ್ಷೆ ಪಾಸಾಗಿ ವೈದ್ಯಕೀಯ ಪ್ರಮಾಣಪತ್ರವನ್ನೂ ಕೊಡಬೇಕು. ಲೈಸೆನ್ಸಿನ ಮೇಲೆ ಬಿದ್ದ ಷರಾ ಕೂಡ ಜನ್ಮಪೂರ್ತಿ ಉಳಿಯುವುದಿಲ್ಲ. ಮೂರು ವರ್ಷ ಮತ್ತೆ ಯಾವ ಷರಾ ಬೀಳದಂತೆ ಓಡಿಸಿದರೆ ಶುದ್ಧ ಲೈಸೆನ್ಸ್ ಕೇಳಬಹುದು. ಅನರ್ಹತೆಯ ಕಾಲ ಈ ಮೂರು ವರ್ಷದ ಲೆಕ್ಕಕ್ಕೆ ಬರುವುದಿಲ್ಲ.

ಹದಿನೆಂಟರ ಒಳಗಿನವರ ತಂದೆತಾಯಿಗಳಿಗೆ

ಲೈಸೆನ್ಸ್ ಬಂದ ಮೇಲೆ ಕಳೆದುಕೊಂಡವನ ಕಷ್ಟ ಒಂದು ಬಗೆ. ಬರುವ ಮುಂಚೆಯೇ ಕಳೆದುಕೊಳ್ಳುವವರ ಕಷ್ಟ ಇನ್ನೊಂದು ಬಗೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂತೆಂದು ಮಗನಿಗೆ ಗಾಡಿ ಕೊಡಿಸುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. 199ಎ ಕಲಂ ಅದಕ್ಕೆ ಏನು ಹೇಳುತ್ತದೆ ಎಂದು ಅಂಥ ತಂದೆ ಒಮ್ಮೆ ಓದಬೇಕು. ಅಪ್ರಾಪ್ತ ವಯಸ್ಸಿನ ಮಗ ವಾಹನ ಓಡಿಸಿ ಅಪರಾಧ ಮಾಡಿದರೆ ತಪ್ಪಿತಸ್ಥರು ಪೋಷಕರು ಅಥವಾ ವಾಹನದ ಮಾಲೀಕರು. ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ತನಗೆ ತಿಳಿಯದೆ ಆಯಿತು ಅಥವಾ ತಡೆಯಲು ತಾನು ಎಲ್ಲ ಎಚ್ಚರ ವಹಿಸಿದ್ದೆ ಎಂದು ಸಾಬೀತು ಮಾಡುವ ಹೊಣೆ ಪೋಷಕರದೇ.

ಇವೆಲ್ಲಕ್ಕಿಂತ ಭಾರವಾದ ಮಾತು ಕೊನೆಯಲ್ಲಿದೆ: ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಇರಲಿ, ಕಲಿಕಾ ಪರವಾನಗಿಯೂ ಸಿಗುವುದಿಲ್ಲ. ಹದಿನೇಳನೆಯ ವಯಸ್ಸಿನ ಒಂದು ಮಧ್ಯಾಹ್ನಕ್ಕೆ ಎಂಟು ವರ್ಷ. ಬಸ್ ಚಾಲಕನ ಹುದ್ದೆಗೆ ಅರ್ಜಿ ಹಾಕುವ ವಯಸ್ಸು, ಸ್ವಂತ ಟೆಂಪೋ ಕೊಳ್ಳುವ ವಯಸ್ಸು, ಓದು ಮುಗಿಸಿ ಕೆಲಸಕ್ಕೆ ತಿರುಗುವ ವಯಸ್ಸು ಎಲ್ಲವೂ ಆ ಎಂಟು ವರ್ಷದೊಳಗೇ ಬರುತ್ತವೆ.

'ಹದಿನಾರಕ್ಕೇ ಗೇರ್ ಇಲ್ಲದ ಗಾಡಿಗೆ ಲೈಸೆನ್ಸ್ ಕೊಡ್ತಾರಲ್ಲ?' ಎಂದು ಕೆಲವರು ಕೇಳುತ್ತಾರೆ. ಪೋಷಕರ ಒಪ್ಪಿಗೆಯ ಮೇಲೆ ಕೊಡುತ್ತಾರೆ ನಿಜ, ಆದರೆ 50 ಸಿಸಿ ಮೀರದ ಎಂಜಿನ್‌ಗೆ ಮಾತ್ರ. ಹಳ್ಳಿ ಹಳ್ಳಿಯಲ್ಲಿ ಓಡುವ ಟಿವಿಎಸ್ ಎಕ್ಸೆಲ್ 100ರ ಎಂಜಿನ್ ಅದರ ಎರಡರಷ್ಟು ಹತ್ತಿರ. ಹೆಚ್ಚಿನ ಸ್ಕೂಟರ್‌ಗಳದು ಅದಕ್ಕಿಂತಲೂ ಹೆಚ್ಚು.

ನೆನಪಿಟ್ಟುಕೊಳ್ಳಬೇಕಾದ ಲೆಕ್ಕ

ಸಾರಿಗೆ ಕಚೇರಿಯ ಆದೇಶದ ವಿರುದ್ಧ ಮೇಲ್ಮನವಿ: ಆದೇಶ ಕೈಸೇರಿದ 30 ದಿನದೊಳಗೆ.
ಹೆಲ್ಮೆಟ್ ಇಲ್ಲದಿರುವುದು, ಮೂವರ ಸವಾರಿ: 3 ತಿಂಗಳು.
ಕುಡಿದು ಓಡಿಸಿದ್ದು ನ್ಯಾಯಾಲಯದಲ್ಲಿ ಸಾಬೀತಾದರೆ: ಕನಿಷ್ಠ 6 ತಿಂಗಳು.
ಅನರ್ಹತೆ ತೆಗೆಯಲು ಅಥವಾ ಬದಲಿಸಲು ಅರ್ಜಿ: ಆದೇಶದಿಂದ 6 ತಿಂಗಳ ನಂತರ.
ತಿರಸ್ಕೃತವಾದರೆ ಎರಡನೆಯ ಅರ್ಜಿ: ಮತ್ತೆ 3 ತಿಂಗಳ ನಂತರ.
ಅನರ್ಹತೆಯಲ್ಲಿ ಓಡಿಸಿದರೆ: 3 ತಿಂಗಳವರೆಗೆ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡೂ.

ಬಸ್ಸು ಕಡಿಮೆ ಇರುವ ಊರಿಗೂ ಹೆಜ್ಜೆಗೊಂದು ಬಸ್ಸು ಇರುವ ಊರಿಗೂ ಒಂದೇ ಅನರ್ಹತೆ ಸರಿಯೇ ಎಂಬ ಪ್ರಶ್ನೆ ಉಳಿಯುತ್ತದೆ. ಬೆಂಗಳೂರಿನ ಹುಡುಗನಿಗೆ ಮೆಟ್ರೊ ಇದೆ, ಔರಾದಿನ ಹುಡುಗನಿಗೆ ಕ್ರಾಸ್‌ವರೆಗೆ ನಡೆಯುವ ಕಾಲಿದೆ. ಹೊತ್ತು, ದಾರಿ ಗೊತ್ತು ಮಾಡಿ ಕೊಡುವ ಸೀಮಿತ ಪರವಾನಗಿ ನಮ್ಮ ಕಾಯ್ದೆಗೂ ಬರಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದೇ ರಸ್ತೆಯ ಬದಿಯಲ್ಲಿ ಪುಸ್ತಕ ಎದೆಗವಚಿಕೊಂಡು ಬಸ್ಸಿಗೆ ಕಾಯುವ ಹುಡುಗಿಯರೂ ಇದ್ದಾರೆ. ಕುಡಿದವನ ಗಾಡಿ ಅವರ ಮೇಲೆ ಹರಿದರೆ ತಿರುಗಿ ಅರ್ಜಿ ಹಾಕಲು ಯಾವ ಕಲಮೂ ಇಲ್ಲ.

ನಮ್ಮ ಉದಾಹರಣೆಯ ಮನೆಗೆ ಜುಲೈವರೆಗೆ ಆರು ತಿಂಗಳಿದೆ. ಹಾಲಿನ ಕ್ಯಾನನ್ನು ಪಕ್ಕದ ಮನೆಯ ಕಾಕಾ ತಮ್ಮ ಗಾಡಿಯಲ್ಲಿ ಒಯ್ಯುತ್ತಾರೆ, ತಂಗಿ ಮೊದಲ ಬಸ್ಸು ಹಿಡಿಯುತ್ತಾಳೆ, ಹುಡುಗ ಅವಳ ಜತೆಗೇ ಕ್ರಾಸ್‌ವರೆಗೆ ನಡೆಯುತ್ತಾನೆ. ಆ ಆರು ತಿಂಗಳು ಆತ ಹೇಗೆ ನಡೆದ ಎಂಬುದೇ ಅವನ ಅರ್ಜಿಯ ಮೊದಲ ಪುಟ.